ರೇಡಿಯೇಟರ್ ಮುಚ್ಚಳ

ಕೂಲೆಂಟ್‌ನ ಸಿಹಿ ವಾಸನೆ ಈಗಲೂ ನನ್ನನ್ನು ಮಾಚೇನಹಳ್ಳಿಯ ಆ ಮಧ್ಯಾಹ್ನಕ್ಕೆ ಕರೆದೊಯ್ಯುತ್ತದೆ.

ಅಮ್ಮ ಕಾರು ಕಲಿತು ತಿಂಗಳಾಗಿತ್ತು. ಭದ್ರಾವತಿಯಿಂದ ಶಿವಮೊಗ್ಗಕ್ಕೆ ಹೊರಟಿದ್ದೆವು. ಉಕ್ಕಿನ ಕಾರ್ಖಾನೆಯಿಂದ ನಿವೃತ್ತರಾಗಿದ್ದ ತಾತ ಸೊಸೆಯ ಡ್ರೈವಿಂಗ್ ನಂಬದೆ, ಹಿಂದಿನ ಸೀಟಿನಲ್ಲಿ ಹಿಡಿಕೆ ಬಿಗಿಹಿಡಿದು ಕೂತಿದ್ದರು. ಮಾಚೇನಹಳ್ಳಿ ಹತ್ತಿರ ಟೆಂಪರೇಚರ್ ಮುಳ್ಳು ಕೆಂಪಿಗೇರಿದಾಗ ಅಮ್ಮ ರಸ್ತೆಬದಿಗೆ ನಿಲ್ಲಿಸಿ ಎಂಜಿನ್ ಆರಿಸಿದಳು. ಬಾನೆಟ್ ಒಳಗಿನಿಂದ ಸಿಹಿ ವಾಸನೆಯ ಆವಿ ಬುಸುಗುಟ್ಟಿತು. ತಾತ ಇಳಿದು ಬಾನೆಟ್ ಎತ್ತಿ, ಟವೆಲ್ ಒದ್ದೆ ಮಾಡಿ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಿದರು.

“ಕೈ ತೆಗೀರಿ ಮಾವ. ಕುದಿಯೋ ನೀರು ಮುಖಕ್ಕೇ ಹಾರುತ್ತೆ” ಎಂದಳು ಅಮ್ಮ.

“ಮೂವತ್ತು ವರ್ಷ ಫರ್ನೇಸ್ ಮುಂದೆ ನಿಂತೋನಮ್ಮ ನಾನು!”

“ಅಲ್ಲೂ ಹೀಗೇ ಟವೆಲ್ ಹಿಡ್ಕೊಂಡು ಬಾಗಿಲು ತೆಗೀತಿದ್ರಾ?”

ತಾತ ಕೈ ಹಿಂತೆಗೆದರು. ಮುಕ್ಕಾಲು ಗಂಟೆ ಕಾದು, ಮುಚ್ಚಳ ತಣ್ಣಗಾದ ಮೇಲೆ ಅಮ್ಮನೇ ತೆರೆದು ನೀರು ತುಂಬಿದಳು.

ಹೊರಡುವಾಗ ತಾತ ಮುಂದಿನ ಸೀಟಿಗೆ ಬಂದರು. “ಮುಳ್ಳು ನಾನು ನೋಡ್ಕೋತೀನಿ. ನೀನು ರಸ್ತೆ ನೋಡಮ್ಮ.”