ಅಪ್ಪನ ಮುಖದ ಬಣ್ಣ

ಕಡಲಂಚಿನ ಆ ಶಾಲೆಯಲ್ಲಿ ಆಯಿಲ್ ಪೇಸ್ಟಲ್‌ಗಳೆಲ್ಲ ಬಿಳಿಯವೇ ಆಗಿದ್ದವಂತೆ. ಯಾರನ್ನು ಬರೆದರೆ ಅವರ ಬಣ್ಣವೇ ಹಾಳೆಗೆ ಇಳಿದುಬಂದು, ಅವರು ಎಲ್ಲಿದ್ದರೂ ಬೆಳ್ಳಗಾಗುತ್ತಿದ್ದರು. ಗಂಟೆ ಬಾರಿಸುವ ಮುನ್ನ ಕಡ್ಡಿಯಿಂದ ಕೆರೆದರೆ ಬಣ್ಣ ಅವರಿಗೇ ಮರಳುತ್ತಿತ್ತು. ಸತ್ತವರನ್ನು ಬರೆದರೆ ಮಾತ್ರ ಹಾಳೆ ಬೆಳ್ಳಗೇ ಉಳಿಯುತ್ತಿತ್ತು.

ಮೀನಿಗೆ ಹೋದ ಅಪ್ಪನ ದೋಣಿ ಇನ್ನೂ ಮರಳಿರಲಿಲ್ಲ. ನಾಗವೇಣಿ ಪೇಸ್ಟಲ್ ಹಿಡಿದು ಸುಮ್ಮನೆ ಕುಳಿತಿದ್ದಳು.

“ಅಪ್ಪನ್ನ ಬರಿಯೇ,” ಎಂದರು ಚಿತ್ರ ಕಲಿಸುವ ಅಕ್ಕೋರು.

“ಬೆಳ್ಳಗೇ ಉಳಿದ್ರೆ, ಅಕ್ಕೋರೇ?”

“ನಾನು ಇಲ್ಲೇ ಕೂತಿದೀನಲ್ಲೇ. ಬರಿ.”

ನಾಗವೇಣಿ ಕಣ್ಣು ಮುಚ್ಚಿ, ಅಪ್ಪನ ಕೆನ್ನೆಯನ್ನು ತೀಡಿದಳು. ಕಣ್ಣು ತೆರೆದಾಗ ಹಾಳೆಯ ಮೇಲೆ ಬಿಸಿಲುಂಡ ಕಪ್ಪು ಎಣ್ಣೆ ಸವರಿದಂತೆ ಮಿರುಗುತ್ತಿತ್ತು. ಅವಳು ಅದನ್ನು ಬಿಟ್ಟಕಣ್ಣಿನಿಂದ ನೋಡುತ್ತಲೇ ಕುಳಿತಳು.

ಅಕ್ಕೋರು ಕಣ್ಣೊರೆಸಿಕೊಂಡು ಕಡ್ಡಿ ಕೊಟ್ಟರು. “ಬೇಗ ಕೆರಿ ಮಗಾ. ಬಿಳೀ ಮುಖ ಕಂಡು ದೋಣಿಯವ್ರು ಹೆದ್ರಿ ನೀರಿಗೆ ಹಾರ್ಯಾರು.”