ಒಂದು ‘ಬೇಡ’ ಸಾಕು

ಚೀಟಿ ಹಂಚಿದ್ದಾಯಿತು. ಮಂಡಳಿಯ ಸದಸ್ಯರು ಐವರು, ಚೀಟಿಯೂ ಐದು. ಪಾದ್ರಿಗಳನ್ನು ತಯಾರು ಮಾಡುವ ಈ ಧರ್ಮಶಾಸ್ತ್ರ ಕಾಲೇಜನ್ನು ಮುಚ್ಚಬೇಕೋ ಬೇಡವೋ, ಬರೆದು ಮಡಚಿ ಪೆಟ್ಟಿಗೆಗೆ ಹಾಕಬೇಕು. ಕಟ್ಟಿಸಿದ ಪುಣ್ಯಾತ್ಮರು ಒಂದು ನಿಯಮ ಮಾಡಿಟ್ಟು ಹೋಗಿದ್ದರು: ಮುಚ್ಚಲು ಐವರೂ ಒಪ್ಪಬೇಕು. ಒಬ್ಬರು ‘ಬೇಡ’ ಎಂದರೂ ಕಾಲೇಜು ಉಳಿಯುತ್ತದೆ.

ಬರೆದ ಚೀಟಿಗಳನ್ನು ನಡಾವಳಿ ಪುಸ್ತಕಕ್ಕೆ ಅಂಟಿಸಿ ಚರ್ಚಿನ ಕೇಂದ್ರ ಕಚೇರಿಗೆ ಕಳಿಸುವುದು ಪದ್ಧತಿ. ಮುಚ್ಚಿ ಎಂದು ಪಟ್ಟು ಹಿಡಿದಿದ್ದವರೇ ಆ ಕಚೇರಿಯವರು. ಎಲ್ಲರ ಅಕ್ಷರವೂ ಅವರಿಗೆ ಗೊತ್ತು; ‘ಬೇಡ’ ಎಂದವರು ಯಾರೆಂದು ತಿಳಿದೇ ತಿಳಿಯುತ್ತದೆ.

ಎಂಬತ್ತು ಜನರಿದ್ದ ಹಾಸ್ಟೆಲಿನಲ್ಲಿ ಈಗ ಉಳಿದವರು ಒಂಬತ್ತೇ ಮಂದಿ. ಮೇಷ್ಟ್ರುಗಳಿಗೆ ಮೂರು ತಿಂಗಳಿಂದ ಸಂಬಳವಿಲ್ಲ. ಆದರೂ ಐವರಲ್ಲೊಬ್ಬರಾದ ಪ್ರಾಂಶುಪಾಲರಿಗೆ ಈ ಕಾಲೇಜೇ ಉಸಿರು. ಮೂವತ್ತು ವರ್ಷ ಇಲ್ಲೇ ಜೀವ ಸವೆಸಿದ್ದರು.

ವಾರವಿಡೀ ಅವರು ಉಳಿದ ನಾಲ್ವರ ಮನೆಗೂ ಅಲೆದಿದ್ದರು. ಅಧ್ಯಕ್ಷರು ಕೈ ಹಿಡಿದು, ತಾನಿರುವಾಗ ಮುಚ್ಚಲು ಬಿಡೆನೆಂದರು. ಡಾಕ್ಟರಮ್ಮ ಕಣ್ಣೊರೆಸಿಕೊಂಡು ಮಾತು ಕೊಟ್ಟರು. ಗುತ್ತಿಗೆದಾರರಂತೂ ಆಣೆಯನ್ನೇ ಇಟ್ಟರು. ವಕೀಲರೂ ಮಾತು ಕೊಟ್ಟರು. ಗೇಟಿನ ತನಕ ಬಂದು ಒಂದು ಮುಳ್ಳನ್ನೂ ಚುಚ್ಚಿ ಕಳಿಸಿದರು.

“ಬೇಜಾರು ಮಾಡ್ಕೋಬೇಡಿ ಸಾರ್. ಪ್ರಿನ್ಸಿಪಾಲರು ಕಾಲೇಜಿನ ಕ್ವಾರ್ಟರ್ಸ್ ಬಿಡೋಕೆ ಮನಸ್ಸಿಲ್ಲದೆ ಓಡಾಡ್ತಿದ್ದಾರೆ ಅಂತ ಕೇಂದ್ರ ಕಚೇರೀಲಿ ಆಡ್ಕೋತಾರೆ.”

ಅಯ್ಯೋ, ಎಂಥ ಮಾತು! ಅಂದಿನಿಂದ ಅವರ ಗಂಟಲಲ್ಲಿ ಅನ್ನ ಇಳಿದಿರಲಿಲ್ಲ. ತನ್ನಂಥವನಿಗೆ ಈ ಬಿರುದೇ? ತಾನು ಎಂಥವನೆಂದು ಇವತ್ತು ತೋರಿಸಿಯೇ ಬಿಡಬೇಕು. ಹೇಗೂ ನಾಲ್ವರ ಮಾತಿದೆ. ಒಂದೇ ಪದ ಬರೆದರು, ಮಡಚಿದರು, ಹಾಕಿದರು. ಎದೆ ಹಗುರವಾಯಿತು.

ಅಧ್ಯಕ್ಷರು ಮೊದಲ ಚೀಟಿ ಬಿಡಿಸಿ ಓದಿದರು. ‘ಮುಚ್ಚಬೇಕು.’ ಎರಡನೆಯದೂ ‘ಮುಚ್ಚಬೇಕು.’ ಪ್ರಾಂಶುಪಾಲರು ಕತ್ತೆತ್ತಿ ನೋಡಿದರು. ಗುತ್ತಿಗೆದಾರರು ಏನೂ ಆಗಿಲ್ಲವೆಂಬಂತೆ ಚಹಾ ಹೀರುತ್ತಿದ್ದರು. ಮೂರನೆಯದೂ ಅದೇ. ಥೂ, ಕೊಟ್ಟ ಮಾತಿಗೆ ಇಷ್ಟೇನಾ ಬೆಲೆ? ನಾಲ್ಕನೆಯದೂ ಅದೇ ಆದಾಗ ಅವರು ಕುರ್ಚಿಯ ತುದಿಗೆ ಸರಿದರು. ಆಶ್ಚರ್ಯವೆಂದರೆ ಬೇರೆ ಯಾರ ಮುಖದಲ್ಲೂ ಗಾಬರಿಯಿರಲಿಲ್ಲ. ಡಾಕ್ಟರಮ್ಮ ಅವರತ್ತ ನೋಡಿ ಧೈರ್ಯ ಹೇಳುವಂತೆ ಮುಗುಳ್ನಕ್ಕರು.

ಅಧ್ಯಕ್ಷರು ನಗುತ್ತಲೇ ಐದನೆಯದನ್ನು ಬಿಡಿಸಿದರು. ನಗು ಆರಿತು. ಎರಡು ಸಲ ಓದಿಕೊಂಡು, ಚೀಟಿಯನ್ನು ಮೇಜಿನ ಮೇಲಿಟ್ಟರು. ‘ಮುಚ್ಚಬೇಕು.’

ನಾಲ್ವರೂ ಪ್ರಾಂಶುಪಾಲರತ್ತ ತಿರುಗಿದರು. ಡಾಕ್ಟರಮ್ಮ ಕುರ್ಚಿಯಿಂದ ಎದ್ದೇ ಬಿಟ್ಟರು.

“ನಿಮ್ಮದಂತೂ ‘ಬೇಡ’ ಅಂತ ಇದ್ದೇ ಇರುತ್ತೆ ಅಂತ ತಾನೆ ಸಾರ್, ನಾವೆಲ್ಲ ಹೀಗೆ ಬರೆದದ್ದು?”