ನಿನ್ನೆ ಇದ್ದ ಜಾಗದಲ್ಲೇ

“ಯಾವ ಫೋನಾದ್ರೆ, ಹಿಡ್ಕೊಂಡವರು ಎಲ್ಲಿದ್ದಾರೆ ಅಂತ ಮನೇಲಿ ಕೂತೇ ಗೊತ್ತಾಗುತ್ತೆ?”

ಗಾಜಿನ ಕೌಂಟರಿನ ಆಚೆ ನಿಂತಿದ್ದವನ ತಲೆ ಅರ್ಧ ನರೆತಿತ್ತು. ಇಸ್ತ್ರಿ ಮಾಡಿದ ಶರ್ಟು, ಕೊರಳಿನವರೆಗೂ ಹಾಕಿದ ಗುಂಡಿ. ಫೋನಿನ ಡಬ್ಬಗಳ ದೂಳು ಒರೆಸುತ್ತಿದ್ದ ಹುಡುಗಿ ಬಟ್ಟೆ ಕೆಳಗಿಟ್ಟಳು.

“ಎರಡರಲ್ಲೂ ಗೊತ್ತಾಗುತ್ತೆ ಸರ್. ಆಂಡ್ರಾಯ್ಡಲ್ಲೂ, ಐಫೋನಲ್ಲೂ.”

“ಜೋರಾಗಿ ಹೇಳಮ್ಮ,” ಎಂದ ಒಳಗೆ ಕೂತಿದ್ದ ಅಂಗಡಿ ಮಾಲೀಕ. “ಇವಳ ವಾಲ್ಯೂಮ್ ಬಟನ್ ಕೆಟ್ಟಿದೆ ಸರ್. ಬಂದಾಗಿನಿಂದ ರಿಪೇರಿ ಮಾಡ್ತಾನೇ ಇದೀನಿ.”

ಆತ ನಗಲಿಲ್ಲ. ಎರಡು ಫೋನುಗಳನ್ನು ಪಕ್ಕಪಕ್ಕ ಇಡಿಸಿಕೊಂಡು, ಏನು ವ್ಯತ್ಯಾಸ ಎಂದು ಕೇಳಿದ.

ಅವಳು ದಿನಾ ಹೇಳುವುದನ್ನೇ ಹೇಳಿದಳು. ಐಫೋನಿನಲ್ಲಿ ನಮ್ಮಿಷ್ಟದಂತೆ ಬದಲಾಯಿಸಲು ಆಗುವುದು ಕಡಿಮೆ, ಹಾಗಾಗಿ ಕೆಡಿಸಿಕೊಳ್ಳುವುದೂ ಕಡಿಮೆ. ಆಂಡ್ರಾಯ್ಡ್ ನಾವು ಹೇಳಿದ ಹಾಗೆ ಕೇಳುತ್ತದೆ. ಅಕ್ಷರ ದೊಡ್ಡದು ಮಾಡಬಹುದು, ಬೇಡದ್ದನ್ನೆಲ್ಲ ಮರೆಮಾಡಿ ಬೇಕಾದ ನಾಲ್ಕನ್ನೇ ಮುಂದೆ ಇಟ್ಟುಕೊಳ್ಳಬಹುದು. ಕಡಿಮೆ ಬೆಲೆಯದೂ ಸಿಗುತ್ತದೆ.

“ಹೇಳಿದ ಹಾಗೆ ಕೇಳುತ್ತೆ,” ಎಂದು ಆತ ತನಗೆ ತಾನೇ ಹೇಳಿಕೊಂಡ. “ಎಲ್ಲ ಅಲ್ಲಲ್ಲೇ ಇರಬೇಕು ನೋಡು. ನಿನ್ನೆ ಇದ್ದ ಜಾಗದಲ್ಲೇ ಇವತ್ತೂ ಇರಬೇಕು. ಒಂದು ಚೂರೂ ಅತ್ತಿತ್ತ ಆಗಬಾರದು.”

“ಯಾರಿಗೆ ಸರ್? ಮನೆಯವರಿಗಾ?”

ಆತ ಗಾಜಿನ ಕೆಳಗಿದ್ದ ಇಯರ್‌ಫೋನುಗಳನ್ನು ನೋಡಿದ. “ಹೂಂ. ಅವಳಿಗೋಸ್ಕರಾನೇ.” ಆಮೇಲೆ, “ನಾನು ಇಲ್ಲಿಗೆ ಬಂದಿರೋದು ಅವಳಿಗೆ ಗೊತ್ತಿಲ್ಲ” ಎಂದ.

ಹುಡುಗಿ ಎರಡೂ ಫೋನುಗಳನ್ನು ತನ್ನ ಕಡೆಗೆ ಎಳೆದುಕೊಂಡಳು.

ಅವಳ ಅಕ್ಕನಿಗೂ ಗಂಡ ಹೊಸ ಫೋನ್ ತಂದುಕೊಟ್ಟಿದ್ದ. ಅಕ್ಕಪಕ್ಕದವರೆಲ್ಲ ಹೊಗಳಿದ್ದರು. ಆಮೇಲೆ ಅಕ್ಕ ಎಲ್ಲಿ ಹೋದರೂ ಭಾವನಿಗೆ ತಿಳಿಯತೊಡಗಿತು. ಒಮ್ಮೆ ಹೇಳದೆ ತವರಿಗೆ ಬಂದಳು. ಚಹಾ ಕುಡಿದು ಮುಗಿಸುವ ಮೊದಲೇ ಭಾವ ನಗುತ್ತಾ ಬಾಗಿಲಲ್ಲಿ ನಿಂತಿದ್ದ. ಅಪ್ಪ ನೆಲ ನೋಡಿದ. ಅಮ್ಮ ಅಡುಗೆಮನೆಗೆ ಹೋದಳು. ಇವಳೂ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದಳು. ಅಕ್ಕ ಲೋಟ ಕೆಳಗಿಟ್ಟು ಚಪ್ಪಲಿ ಮೆಟ್ಟಿಕೊಂಡಳು.

“ಆಂಡ್ರಾಯ್ಡೇ ಕೊಡು,” ಎಂದ ಆತ. “ಮನೇಲಿರೋದೂ ಅದೇ. ಇಬ್ಬರದ್ದೂ ಒಂದೇ ಥರ ಇದ್ರೆ ತಾಪತ್ರಯ ಇಲ್ಲ. ನಂಬರ್ ಒತ್ತೋದೆಲ್ಲ ಬೇಡ, ಮುಖ ತೋರಿಸಿದ್ರೆ ಲಾಕ್ ತೆಗೀಬೇಕು.”

ಹಾಗೆಂದು ತನ್ನ ಮುಖವನ್ನೇ ಮುಂದೆ ಒಡ್ಡಿದ. ಹೆಂಡತಿಯ ಫೋನಿಗೆ ಗಂಡನ ಮುಖ. “ಸ್ವಲ್ಪ ಹತ್ತಿರ ಬನ್ನಿ ಸರ್” ಎಂದಷ್ಟೇ ಹೇಳಿದಳು ಹುಡುಗಿ.

“ಲೊಕೇಶನ್ ಯಾವ ನಂಬರಿಗೆ ಹೋಗಬೇಕು?”

ಆತ ಶರ್ಟಿನ ಜೇಬಿನ ಅಂಚನ್ನು ಮಗುಚಿ, ಒಳಗೆ ನೋಡಿಕೊಂಡು ಒಂದೊಂದೇ ಅಂಕಿ ಹೇಳಿದ. ಮೆಸೇಜ್ ಹೋಯಿತು. ಅವನ ಕಡೆಯಿಂದ ಯಾವ ಸದ್ದೂ ಬರಲಿಲ್ಲ. ಸೈಲೆಂಟಿನಲ್ಲಿಟ್ಟಿದ್ದಾನೆ, ಕಳ್ಳ ಬೆಕ್ಕು, ಎಂದುಕೊಂಡಳು.

“ಆ ಮೆಸೇಜ್ ಒತ್ತಿದ್ರೆ ಮ್ಯಾಪ್ ತೆರೆಯುತ್ತೆ ಸರ್. ಫೋನ್ ಎಲ್ಲಿ ಹೋಗುತ್ತೋ ಚುಕ್ಕೆ ಅಲ್ಲಿ.”

“ಮಧ್ಯದಲ್ಲಿ ನಿಂತುಹೋದ್ರೆ?”

“ಲೊಕೇಶನ್ ಆಫ್ ಮಾಡಿದ್ರೆ ನಿಲ್ಲುತ್ತೆ. ಮತ್ತೆ ಆನ್ ಮಾಡೋಕೆ ಇದೇ ಫೋನ್ ಕೈಯಲ್ಲಿರಬೇಕು.”

“ಆಫ್ ಮಾಡೋದೆಲ್ಲ ಎಲ್ಲಿಂದ ಗೊತ್ತಾಗಬೇಕು ಬಿಡು,” ಎಂದ. ಹಣ ಎಣಿಸಿ ಕೊಟ್ಟ ಮೇಲೆ ಮತ್ತೆ ಕೇಳಿದ. “ಮಧ್ಯದಲ್ಲಿ ನಿಂತುಹೋದ್ರೆ?”

ಅವಳು ಅದನ್ನೇ ಇನ್ನೊಮ್ಮೆ ಹೇಳಿದಳು. ಭಾವನೂ ಹೀಗೆಯೇ. ಕೇಳಿದ್ದನ್ನೇ ಮತ್ತೆ ಕೇಳಿ ಅಕ್ಕನ ಮುಖ ನೋಡುತ್ತಿದ್ದ.

ಎದುರು ಮಾತಾಡಲು ಅವಳಿಗೆ ಬಾಯಿಲ್ಲ. ಕೊಡುವುದಿಲ್ಲ ಎನ್ನಲು ಅಂಗಡಿ ಅವಳದಲ್ಲ. ಇದ್ದದ್ದು ಒಂದು ಹೆಬ್ಬೆರಳು. ಸ್ಕ್ರೀನ್ ಗಾರ್ಡ್ ಅಂಟಿಸಿ, ಗಾಳಿಗುಳ್ಳೆಗಳನ್ನು ಅಂಚಿಗೆ ಒತ್ತುತ್ತಾ, ಮೇಲಿನಿಂದ ಕೆಳಕ್ಕೊಮ್ಮೆ ಎಳೆದು ಲೊಕೇಶನ್ ಗುರುತನ್ನು ಮುಟ್ಟಿದಳು. ನೀಲಿ ಇದ್ದದ್ದು ಬೂದುಬಣ್ಣವಾಯಿತು. ಆತ ನೋಡುತ್ತಲೇ ಇದ್ದ, ಏನೂ ತಿಳಿಯಲಿಲ್ಲ.

ಹೊರಡುವಾಗ ಆತ ಮೊದಲು ತೆರೆದದ್ದು ಸಾಮಾನು ಇಡುವ ಕೋಣೆಯ ಬಾಗಿಲನ್ನು. “ಸರ್, ಬೀದಿ ಈ ಕಡೆ ಇದೆ,” ಎಂದು ಮಾಲೀಕ ನಕ್ಕ.

ಅವತ್ತು ಮನೆಗೆ ನಡೆಯುವಾಗ ಹುಡುಗಿಯ ಹೆಜ್ಜೆ ಹಗುರವಾಗಿತ್ತು. ಅಕ್ಕನಿಗೆ ಮಾಡಲಾಗದ್ದನ್ನು ಯಾರೋ ಹೆಸರು ತಿಳಿಯದವಳಿಗೆ ಮಾಡಿದ್ದಳು.

ಮರುದಿನ ದೀಪ ಹೊತ್ತಿಸುವ ಹೊತ್ತಿಗೆ ಒಬ್ಬ ಹೆಂಗಸು ಏದುಸಿರು ಬಿಡುತ್ತಾ ಒಳಗೆ ಬಂದಳು. ಸೆರಗಿನ ತುದಿ ಬೆವರಿಗೆ ಒದ್ದೆಯಾಗಿತ್ತು. ಕೈಯಲ್ಲಿ ಹಳೆಯ ಫೋನು.

“ನಿನ್ನೆ ನಮ್ಮ ಮನೆಯವರು ಇಲ್ಲಿಂದ ಫೋನ್ ತಂದ್ರಲ್ಲಮ್ಮ. ಅದರ ಲೊಕೇಶನ್ ಬರ್ತಾ ಇಲ್ಲ.”

ಗಂಡನೇ ಬೈದು ಕಳಿಸಿರಬೇಕು. ಹುಡುಗಿ ಕೌಂಟರಿನ ಮೇಲೆ ಬಾಗಿದಳು. ಅವಳ ದನಿ ಎಂದಿಲ್ಲದಷ್ಟು ಸ್ಪಷ್ಟವಾಗಿತ್ತು.

“ಬರಲ್ಲ ಅಮ್ಮ. ನಾನೇ ಆಫ್ ಮಾಡಿದೀನಿ. ಇನ್ನು ನೀವು ಎಲ್ಲಿ ಹೋದ್ರೂ ಅವರಿಗೆ ಗೊತ್ತಾಗಲ್ಲ. ಹೆದರಬೇಡಿ.”

ಒಳಗೆ ಮಾಲೀಕ ತಲೆಯೆತ್ತಿದ. ಆಕೆ ಹುಡುಗಿಯ ಮುಖವನ್ನೇ ನೋಡಿದಳು. ಆಮೇಲೆ ಕತ್ತಲಾಗುತ್ತಿದ್ದ ಬೀದಿಯನ್ನು ನೋಡಿದಳು.

“ಆ ಫೋನ್ ನನಗಲ್ಲಮ್ಮ, ಅವರಿಗೆ. ಬೆಳಗ್ಗೆ ಹೋದವರು ಇನ್ನೂ ಬಂದಿಲ್ಲ, ಫೋನ್ ಮಾಡಿದ್ರೂ ಎತ್ತುತ್ತಿಲ್ಲ, ಮನೆ ದಾರಿ ಮರೆತುಹೋಗುತ್ತೆ ಅವರಿಗೆ. ಇವತ್ತು ಹಾಕ್ಕೊಂಡು ಹೋಗಿರೋದು ಹೊಸ ಶರ್ಟು, ಅದರ ಜೇಬಿಗೆ ನಾನಿನ್ನೂ ನನ್ನ ನಂಬರ್ ಹೊಲಿದಿಲ್ಲ.”